ಮೊದಲ ಗಾಡಿ ಬಿಡುವ ಲೆಕ್ಕ

“ಅಂಕಲ್, ಯೇ ಗಾಡಿ ನಹೀ ಮಿಲೇಗೀ.”

ಈ ಗಾಡಿ ಸಿಗುವುದಿಲ್ಲ ಎಂದು ಪ್ರಾಪ್ತಿ ಹೇಳಿದ್ದು ಯಾವುದೋ ಸ್ಟೇಷನ್ನಿನಲ್ಲಿ ನಿಂತುಕೊಂಡಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ, ಊಟದ ಟೇಬಲ್ಲಿನ ಮುಂದೆ ಕೂತು, ಪೆನ್ಸಿಲ್ ಕಚ್ಚಿಕೊಂಡು. ಅವಳು ಬೆರಳಿಟ್ಟು ತೋರಿಸುತ್ತಿದ್ದದ್ದು ಗಣಿತದ ಗೈಡಿನಲ್ಲಿ ಅಚ್ಚಾಗಿದ್ದ ಟ್ರೈನನ್ನು!

ಪ್ರಶ್ನೆ ಇಷ್ಟೇ. ‘ಎ’ ಎಂಬ ಊರಿನಿಂದ ‘ಬಿ’ ಎಂಬ ಊರಿಗೆ 8.10, 8.25, 8.40 ಮತ್ತು 8.55ಕ್ಕೆ ಟ್ರೈನುಗಳಿವೆ. ಪ್ರಯಾಣಕ್ಕೆ ಮೂವತ್ತೈದು ನಿಮಿಷ. ಮೀನಾ 8.20ಕ್ಕೆ ‘ಎ’ ಸ್ಟೇಷನ್ ತಲುಪುತ್ತಾಳೆ. ಅತಿ ಬೇಗ ಎಂದರೆ ಅವಳು ಎಷ್ಟು ಗಂಟೆಗೆ ‘ಬಿ’ ಊರು ಸೇರಬಹುದು?

ನೀವೂ ನಾನೂ ಹೇಳುವ ಉತ್ತರ, ಒಂಬತ್ತು ಗಂಟೆ. ಪ್ರಾಪ್ತಿ ಗುರುತು ಹಾಕಿದ್ದು 9.15ಕ್ಕೆ. ಕೂಡಿಸಿದ್ದು ತಪ್ಪಿರಲಿಲ್ಲ. ಅವಳು ಮೀನಾಳನ್ನು 8.25ರ ಗಾಡಿಗೆ ಹತ್ತಿಸಿಯೇ ಇರಲಿಲ್ಲ.

“ಯಾಕೆ? ಐದು ನಿಮಿಷ ಮೊದಲೇ ಬಂದಿದ್ದಾಳಲ್ಲ?” ಎಂದೆ.

“ಪಹಲೀ ಗಾಡಿ ತೋ ಛೋಡ್ನೀ ಪಡ್ತೀ ಹೈ ನಾ ಅಂಕಲ್,” ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ. ಮೊದಲನೆಯ ಗಾಡಿಯನ್ನು ಬಿಡಲೇಬೇಕು. ಹಿಂದೆ ನಿಂತವರಿಗೆ ಅದಕ್ಕೆ ಹತ್ತಲಾಗುವುದಿಲ್ಲ. ಮುಂದಿನವರು ನುಗ್ಗಿ ಹತ್ತಿದ ಮೇಲೆ ಪ್ಲಾಟ್‌ಫಾರ್ಮಿನ ಅಂಚಿಗೆ ಬರಬೇಕು. ಎರಡನೆಯದು ಬಂದಾಗ ಬಾಗಿಲು ಹಿಡಿಯಬೇಕು. ಇದನ್ನೆಲ್ಲ ಅವಳು ಬೆರಳಿನಲ್ಲಿ ಟೇಬಲ್ ಮೇಲೆ ಗೀಟು ಹಾಕಿ ನನಗೆ ವಿವರಿಸಿದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುನಂದಾ ಕೂಡ ನಕ್ಕಳು. ಪ್ರಾಪ್ತಿ ಮಾತ್ರ ನಗಲಿಲ್ಲ. ಅವಳಿಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ.

ಆ ನಗುವನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಈಗಲೇ ತೆಗೆದುಕೊಳ್ಳುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ.

ಪ್ರಾಪ್ತಿಗೆ ಹತ್ತು ವರ್ಷ. ಐದನೇ ಕ್ಲಾಸು. ಮನೆ ದಿವಾದಲ್ಲಿ. (ದಿವಾ ಗೊತ್ತಿಲ್ಲದವರಿಗೆ: ಡೊಂಬಿವಲಿಗೂ ಠಾಣೆಗೂ ನಡುವೆ ಬರುವ ಜಂಕ್ಷನ್. ನಮ್ಮಂಥವರು ಕಲ್ಯಾಣದಿಂದಲೂ ಡೊಂಬಿವಲಿಯಿಂದಲೂ ತುಂಬಿಸಿ ಕಳಿಸಿದ ಗಾಡಿಗಳಿಗೆ ದಿವಾದವರು ಹತ್ತಬೇಕು. ನಾವು ಬಾಗಿಲಲ್ಲಿ ನಿಂತುಕೊಂಡು, ‘ಹಿಂದಿನ ಗಾಡಿ ಖಾಲಿ ಇದೆ’ ಎನ್ನುತ್ತೇವೆ. ಹಿಂದಿನ ಗಾಡಿಯ ಬಾಗಿಲಲ್ಲಿ ನಿಂತವರೂ ಅದನ್ನೇ ಹೇಳುತ್ತಾರೆ.) ಅವಳ ತಾಯಿ ಮಮತಾ ಕಾರ್ಕಳದ ಕಡೆಯವಳು, ನನ್ನ ಹೆಂಡತಿಯ ಊರಿನವಳು. ಠಾಣೆಯ ಒಂದು ಲ್ಯಾಬಿನಲ್ಲಿ ರಿಸೆಪ್ಷನ್ ಕೆಲಸ. ಅಪ್ಪ ಠಾಣೆಯ ಪಕ್ಕದ ಕಳವಾ ಎಂಬಲ್ಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಮಗಳು ಏಳುವ ಮೊದಲು ಹೊರಟು ಮಗಳು ಮಲಗಿದ ಮೇಲೆ ಬರುವ ಮನುಷ್ಯ. ಅಜ್ಜ ಅಜ್ಜಿ ಸೇರಿ ಐದು ಮಂದಿಗೆ ಒಂದು ರೂಮು, ಒಂದು ಕಿಚನ್.

ಮಮತಾಳಿಗೆ ಒಂದೇ ಹಂಬಲ. ಆರನೇ ಕ್ಲಾಸಿಗೆ ಮಗಳನ್ನು ಸರಕಾರದ ವಸತಿ ಶಾಲೆಗೆ ಸೇರಿಸಬೇಕು. ಅಲ್ಲಿ ಓದು, ಊಟ, ಹಾಸ್ಟೆಲ್ ಎಲ್ಲವೂ ಉಂಟು. ಆದರೆ ಎಂಟ್ರೆನ್ಸ್ ಪಾಸಾಗಬೇಕು. ಮತ್ತು ಆ ಪರೀಕ್ಷೆಯನ್ನು ಒಂದು ಮಗು ಬರೆಯಬಹುದಾದದ್ದು ಒಂದೇ ಒಂದು ಸಲ.

“ಸರ್, ನಾನು ಹದಿನೈದು ವರ್ಷದಿಂದ ಆ ಗಾಡಿಯ ಬಾಗಿಲಲ್ಲಿ ನೇತಾಡಿಕೊಂಡು ಹೋಗುದು,” ಎಂದಿದ್ದಳು ಮಮತಾ, ಮೊದಲ ದಿನ ಮಗಳನ್ನು ಕರೆದುಕೊಂಡು ಬಂದಾಗ. “ಇವಳಿಗಾದ್ರೂ ಅದು ಬೇಡ. ಮ್ಯಾಥ್ಸ್ ಒಂದು ನೀವು ಹೇಳಿಕೊಡಿ. ಬೇರೆ ಎಲ್ಲ ನಾನು ನೋಡಿಕೊಳ್ತೇನೆ.”

ಪ್ರಾಪ್ತಿಯ ಹಂಬಲ ಬೇರೆ ಇತ್ತು. ಆ ಶಾಲೆಯ ಹಾಸ್ಟೆಲಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕಪಾಟು ಕೊಡುತ್ತಾರಂತೆ, ಅದಕ್ಕೆ ಬೀಗವೂ ಇರುತ್ತದಂತೆ, ಹೌದಾ ಎಂದು ನನ್ನನ್ನು ಕೇಳಿದಳು. ಹೌದು ಎಂದೆ. (ನನಗೆ ಗೊತ್ತಿರಲಿಲ್ಲ.) ಅವಳ ಮುಖ ಅರಳಿದ್ದು ನೋಡಿ, ಸುಳ್ಳಾದರೂ ಹೇಳಿದ್ದು ಒಳ್ಳೆಯದಾಯಿತು ಅನ್ನಿಸಿತು.

ನನ್ನ ವಿಷಯ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಠಾಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಪ್ಲಾನಿಂಗ್ ವಿಭಾಗದಲ್ಲಿದ್ದು ರಿಟೈರ್ ಆದವನು. ಯಾವ ಮಿಷಿನ್ ಎಷ್ಟು ಗಂಟೆಗೆ ಶುರುವಾಗಬೇಕು, ಯಾವ ಮಾಲು ಎಷ್ಟು ಗಂಟೆಗೆ ಹೊರಡಬೇಕು, ಇದನ್ನು ಹಾಳೆಯ ಮೇಲೆ ಗೆರೆ ಎಳೆದು ಹೇಳುವುದೇ ನನ್ನ ಉದ್ಯೋಗ. ಟೈಮ್‌ಟೇಬಲ್ ಎಂದರೆ ನನಗೆ ಎಲ್ಲಿಲ್ಲದ ಪ್ರೀತಿ. ರಿಟೈರ್ ಆದವನಿಗೆ ಕಲಿಸಲು ಒಂದು ಮಗು ಸಿಕ್ಕಿದರೆ ಕೇಳಬೇಕೇ?

ಹೀಗೆ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಮೂರು ಗಂಟೆ ಕಾಲದ ಪಾಠ ಶುರುವಾಯಿತು.

ಹುಡುಗಿ ಚುರುಕು. ಭಿನ್ನರಾಶಿ, ಲ.ಸಾ.ಅ., ಶೇಕಡಾ ಎಲ್ಲ ಸಲೀಸು. ಎಡವುತ್ತಿದ್ದದ್ದು ಒಂದೇ ಕಡೆ, ಸಮಯದ ಲೆಕ್ಕದಲ್ಲಿ. ಮೊದಲಿಗೆ ಎಲ್ಲ ಮಕ್ಕಳೂ ಮಾಡುವ ತಪ್ಪನ್ನೇ ಮಾಡಿದಳು. 7.50ಕ್ಕೆ ಹೊರಟ ಬಸ್ಸು 9.05ಕ್ಕೆ ತಲುಪಿದರೆ ಪ್ರಯಾಣ ಎಷ್ಟು ಹೊತ್ತಿನದು? 9.05ರಲ್ಲಿ 7.50 ಕಳೆದು 1 ಗಂಟೆ 55 ನಿಮಿಷ ಎಂದು ಬರೆದಳು. ಗಂಟೆಯಿಂದ ಸಾಲ ತೆಗೆಯುವಾಗ ಅರವತ್ತರ ಬದಲು ನೂರು ತೆಗೆದುಕೊಳ್ಳುವ ಚಾಳಿ. ಗಂಟೆಗೆ ಅರವತ್ತೇ ನಿಮಿಷ ಎಂದು ಗೊತ್ತಿದ್ದೂ ಕೈ ಕೇಳುವುದಿಲ್ಲ.

ಅದಕ್ಕೆ ನನ್ನ ಹತ್ತಿರ ಮದ್ದು ಇತ್ತು. ಕಳೆಯಲೇ ಬೇಡ, ಮುಂದಕ್ಕೆ ನಡೆ ಎಂದೆ. ಏಳು ಐವತ್ತರಿಂದ ಎಂಟಕ್ಕೆ ಹತ್ತು ನಿಮಿಷ. ಎಂಟರಿಂದ ಒಂಬತ್ತಕ್ಕೆ ಒಂದು ಗಂಟೆ. ಅಲ್ಲಿಂದ ಇನ್ನೈದು. ಒಟ್ಟು ಒಂದು ಗಂಟೆ ಹದಿನೈದು ನಿಮಿಷ. ಎರಡೇ ವಾರದಲ್ಲಿ ಪಟಪಟನೆ ಬಿಡಿಸತೊಡಗಿದಳು. ಗಡಿಯಾರ ಮುಂದೆ ಓಡುವ ಲೆಕ್ಕಗಳಂತೂ ಅವಳಿಗೆ ನೀರು ಕುಡಿದಷ್ಟು ಸುಲಭ. ಅವರ ಮನೆಯ ಗಡಿಯಾರವನ್ನು ಹನ್ನೆರಡು ನಿಮಿಷ ಮುಂದಿಟ್ಟಿದ್ದಾರಂತೆ. ಮನೆಯವರೆಲ್ಲ ನೋಡಿದ ಕೂಡಲೇ ಹನ್ನೆರಡು ಕಳೆಯುತ್ತಾರಂತೆ. (ಹಾಗಾದರೆ ಮುಂದಿಟ್ಟದ್ದು ಯಾಕೆ ಅಂತ ಕೇಳಬೇಡಿ. ನಿಮ್ಮ ಮನೆಯದೂ ಸರಿ ತೋರಿಸುತ್ತದೆಯೇ?)

ಉಳಿದದ್ದು ಟೈಮ್‌ಟೇಬಲ್ಲಿನ ಲೆಕ್ಕ. ಅಲ್ಲಿಯೇ ಶುರುವಾದದ್ದು ನಮ್ಮಿಬ್ಬರ ಜಗಳ.

ಶಾಲೆ 7.10ಕ್ಕೆ ಆರಂಭ, ಮೂವತ್ತೈದು ನಿಮಿಷಗಳ ಎಂಟು ಪೀರಿಯಡ್, ಇಪ್ಪತ್ತು ನಿಮಿಷ ರಿಸೆಸ್, ಬಿಡುವುದೆಷ್ಟು ಗಂಟೆಗೆ? ಪ್ರಾಪ್ತಿ ಕೇಳಿದಳು, “ಪ್ರಾರ್ಥನಾ ಕಾ ಟೈಮ್?” ಪ್ರಾರ್ಥನೆಯ ಹೊತ್ತನ್ನು ಪ್ರಶ್ನೆಯಲ್ಲಿ ಕೊಟ್ಟಿಲ್ಲವಲ್ಲ ಮಾರಾಯ್ತಿ ಎಂದೆ. ಪ್ರಾರ್ಥನೆ ಇಲ್ಲದ ಶಾಲೆ ಎಲ್ಲಿದೆ ಎಂದಳು.

ರವಿಯ ಮನೆಯಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ. 9.18ರ ಟ್ರೈನ್ ಹಿಡಿಯಲು ಅವನು ಮನೆಯನ್ನು ಎಷ್ಟು ಗಂಟೆಗೆ ಬಿಡಬೇಕು? ಉತ್ತರ 9.08. ಪ್ರಾಪ್ತಿಯ ಉತ್ತರ 8.50. ಎಲ್ಲಿಂದ ಬಂತು ಈ ಎಂಟು ಐವತ್ತು? “ಬ್ರಿಡ್ಜ್ ಚಢ್ನಾ ಹೈ, ಉತರ್ನಾ ಹೈ.” ಬ್ರಿಡ್ಜ್ ಹತ್ತಿ ಇಳಿಯಲು ಹತ್ತು ನಿಮಿಷ. ಬಿಡಬೇಕಾದ ಮೊದಲ ಗಾಡಿಗೆ ಎಂಟು ನಿಮಿಷ. ಎಲ್ಲ ಸೇರಿಸಿ ಲೆಕ್ಕ ಪಕ್ಕಾ!

ನಾನು ಅವಳಿಗೆ ಒಂದು ಸೂತ್ರ ಹೇಳಿಕೊಟ್ಟೆ. ದೊಡ್ಡ ಅಕ್ಷರದಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದೆ ಕೂಡ. ಪೇಪರಿನಲ್ಲಿ ಬ್ರಿಡ್ಜ್ ಇಲ್ಲ. ಪೇಪರಿನಲ್ಲಿ ರಶ್ ಇಲ್ಲ. ಪೇಪರಿನಲ್ಲಿ ಗಾಡಿ ಲೇಟಾಗುವುದಿಲ್ಲ. ಪೇಪರಿನಲ್ಲಿ ಮೊದಲ ಗಾಡಿ ಯಾವಾಗಲೂ ಸಿಗುತ್ತದೆ. ಪ್ರಶ್ನೆಯಲ್ಲಿ ಕೊಟ್ಟದ್ದಷ್ಟೇ ನಿಜ, ಮಿಕ್ಕಿದ್ದು ಮರೆತುಬಿಡು.

“ಸಬ್ ಭೂಲ್ ಜಾವೂ?” ಎಂದಳು.

“ಎಲ್ಲ ಮರೆತುಬಿಡು,” ಎಂದೆ.

ಸುಲಭಕ್ಕೆ ಮರೆಯಲಿಲ್ಲ. ಅವಳ ಪೆನ್ಸಿಲ್ ಎರಡನೆಯ ಟ್ರೈನಿನ ಕಡೆಗೆ ಹೊರಡುವುದು, ನಾನು ಗಂಟಲು ಸರಿಮಾಡಿಕೊಳ್ಳುವುದು, ಪೆನ್ಸಿಲ್ ಮೊದಲನೆಯದಕ್ಕೆ ವಾಪಸ್ ಬರುವುದು. ಕೆಲವು ಭಾನುವಾರ ಹೀಗೇ ಕಳೆಯಿತು. ಒಮ್ಮೆ ನಾನು ರೇಗಿದೆ ಕೂಡ. “ನೀನು ದಿವಾವನ್ನು ತಲೆಯಲ್ಲಿ ಹೊತ್ತುಕೊಂಡು ಬಂದರೆ ಪಾಸಾಗುವುದಿಲ್ಲ,” ಎಂದೆ. ಅವಳು ತಲೆ ತಗ್ಗಿಸಿ ರಬ್ಬರ್ ತೆಗೆದುಕೊಂಡಳು.

ದೀಪಾವಳಿಯ ಹೊತ್ತಿಗೆ ಹಾದಿಗೆ ಬಂದಳು. ಸಮಯದ ಲೆಕ್ಕ ಹತ್ತು ಕೊಟ್ಟರೆ ಹತ್ತೂ ಸರಿ. ಎಂಥ ಟೈಮ್‌ಟೇಬಲ್ ಕೊಟ್ಟರೂ ಕಣ್ಣಾಡಿಸಿ ಉತ್ತರ ಹೇಳುತ್ತಿದ್ದಳು. ನಾನು ಸುನಂದಾಳ ಹತ್ತಿರ ಬೀಗಿದ್ದೇ ಬೀಗಿದ್ದು. “ಗುಣಪಡಿಸಿಬಿಟ್ಟೆ ನೋಡು,” ಎಂದೆ. ಮಗುವಿಗೆ ರೋಗ ಬಂದಿತ್ತೇನೋ ಎಂಬಂತೆ!

ಪರೀಕ್ಷೆ ಒಂದು ಶನಿವಾರ. ಸೆಂಟರ್ ಬಂದದ್ದು ನವಿ ಮುಂಬಯಿಯ ಕೋಪರ್‌ಖೈರಣೆಯ ಒಂದು ಶಾಲೆಯಲ್ಲಿ. ದಿವಾದಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಹೋಗಬೇಕು. ಹತ್ತೂವರೆಗೆ ಗೇಟ್ ಮುಚ್ಚುತ್ತದೆ, ಆಮೇಲೆ ಯಾರನ್ನೂ ಬಿಡುವುದಿಲ್ಲ ಎಂದು ಹಾಲ್ ಟಿಕೆಟ್ಟಿನಲ್ಲಿ ದಪ್ಪ ಅಕ್ಷರದಲ್ಲಿತ್ತು.

ಹಿಂದಿನ ಭಾನುವಾರ ಕೊನೆಯ ಪಾಠ. ಮಗಳನ್ನು ಕರೆದೊಯ್ಯಲು ಬಂದ ಮಮತಾ ಕೇಳಿದಳು, “ಸರ್, ಶನಿವಾರ ಎಷ್ಟು ಗಂಟೆಗೆ ಹೊರಡುದು ಒಳ್ಳೇದು?”

ಆಗ ನನಗೆ ಆ ಅಧಿಕಪ್ರಸಂಗದ ಐಡಿಯಾ ಹೊಳೆಯಿತು. “ನನ್ನನ್ನು ಯಾಕೆ ಕೇಳುತ್ತೀ? ನಿನ್ನ ಮಗಳನ್ನೇ ಕೇಳು. ಇದೇ ಅವಳ ಲಾಸ್ಟ್ ಲೆಕ್ಕ!” ಎಂದೆ. ಮೊಬೈಲಿನಿಂದ ಗಾಡಿಗಳ ಸಮಯ ನೋಡಿ ಒಂದು ಹಾಳೆಯ ಮೇಲೆ ಟೇಬಲ್ ಬರೆದುಕೊಟ್ಟೆ. ಗೈಡಿನಲ್ಲಿ ಇರುವ ಹಾಗೆಯೇ, ಪ್ಲಾಟ್‌ಫಾರ್ಮ್ ಬದಲಿಸಲು ಐದು ನಿಮಿಷ ಎಂದು ಷರಾ ಕೂಡ ಹಾಕಿದೆ.

ಪ್ರಾಪ್ತಿಯ ಕಣ್ಣು ಹೊಳೆಯಿತು. ಕೊನೆಯಿಂದ ಹಿಂದಕ್ಕೆ ಬಂದಳು. ಗೇಟ್ 10.30ಕ್ಕೆ, ನಾವು 10.15ಕ್ಕೆ ಅಲ್ಲಿರಬೇಕು. ಸ್ಟೇಷನ್ನಿನಿಂದ ಶಾಲೆಗೆ ಹದಿನೈದು ನಿಮಿಷ, ಅಂದರೆ ಕೋಪರ್‌ಖೈರಣೆ ಹತ್ತಕ್ಕೆ. ಠಾಣೆಯಿಂದ 9.38ರ ಗಾಡಿ. ಬದಲಿಸಲು ಐದು ನಿಮಿಷ, ಹಾಗಾಗಿ ಠಾಣೆಗೆ 9.33ಕ್ಕೆ. ದಿವಾದಿಂದ 9.18. ಮನೆಯಿಂದ ಸ್ಟೇಷನ್ನಿಗೆ ಹತ್ತು ನಿಮಿಷ. ಹೊರಡಬೇಕಾದದ್ದು 9.08ಕ್ಕೆ.

ಬ್ರಿಡ್ಜ್ ಇಲ್ಲ. ರಶ್ ಇಲ್ಲ. ಬಿಡಬೇಕಾದ ಗಾಡಿಯೂ ಇಲ್ಲ. ನಾನು ಕಲಿಸಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದ್ದಳು. ನಾನು ಕೆಂಪು ಪೆನ್ನಿನಿಂದ ಉದ್ದಕ್ಕೆ ಒಂದು ಟಿಕ್ ಹಾಕಿ ‘ವೆರಿ ಗುಡ್’ ಎಂದು ಬರೆದೆ.

“ಸ್ವಲ್ಪ ಬೇಗ ಹೊರಡುವನಾ ಅಂತ ನಂಗೆ,” ಎಂದು ಮಮತಾ ರಾಗ ಎಳೆದಳು. “ಎಂಟು ಗಂಟೆಗೆ?”

“ಎಂಟಕ್ಕೆ ಹೋಗಿ ಎಂತ ಮಾಡುತ್ತೀ? ಮಗುವನ್ನು ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸುತ್ತೀಯಾ? ಪರೀಕ್ಷೆಗೆ ಫ್ರೆಶ್ ಆಗಿ ಹೋಗಬೇಕು. ಹದಿನೈದು ನಿಮಿಷ ಕೈಯಲ್ಲಿ ಇಟ್ಟುಕೊಂಡಿದ್ದಾಳಲ್ಲ!” ಎಂದೆ.

ಹೇಳಿದವನು ಯಾರು? ಮೂವತ್ತು ವರ್ಷ ಡೊಂಬಿವಲಿಯಿಂದ ಠಾಣೆಗೆ ಓಡಾಡಿದವನು. ಒಂದು ದಿನವಾದರೂ ಎರಡು ಗಾಡಿಯಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಳ್ಳದೆ ಮನೆಯಿಂದ ಹೊರಟವನಲ್ಲ. ಸ್ವಂತ ಆಫೀಸಿಗೆ ಹೋಗುವಾಗ ಇದ್ದ ಬುದ್ಧಿ, ಪರರ ಮಗುವಿನ ಪರೀಕ್ಷೆಗೆ ಎಲ್ಲಿ ಹೋಗಿತ್ತು? ನನಗೆ ಗೊತ್ತು ಎಲ್ಲಿ ಹೋಗಿತ್ತು ಎಂದು. ಆ ಟಿಕ್ ಮಾರ್ಕಿನ ಮೇಲೆ ಕೂತು ಮೀಸೆ ತಿರುವುತ್ತಿತ್ತು.

ಶನಿವಾರ ಬೆಳಗ್ಗೆ ಸುನಂದಾ ದೇವರಿಗೆ ದೀಪ ಹಚ್ಚಿದಳು. ನಾನು ಪೇಪರ್ ಓದುತ್ತಾ ಕೂತಿದ್ದೆ. ಹತ್ತೂಕಾಲಿಗೆ ಗಡಿಯಾರ ನೋಡಿ, “ಈಗ ಗೇಟಿನ ಒಳಗೆ ಹೋಗಿರುತ್ತಾಳೆ,” ಎಂದೆ. ಸುನಂದಾ ಕೈ ಮುಗಿದಳು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮಮತಾಳ ಫೋನು.

“ಸರ್, ಒಳಗೆ ಬಿಡ್ಲಿಲ್ಲ.”

ನನಗೆ ಅರ್ಥವೇ ಆಗಲಿಲ್ಲ. ಯಾರನ್ನು ಬಿಡಲಿಲ್ಲ ಎಂದು ಕೇಳಿದೆ.

“ಪ್ರಾಪ್ತಿಯನ್ನು. ನಾಲ್ಕು ನಿಮಿಷ ಲೇಟಾಯ್ತು ಸರ್. ನಾಲ್ಕೇ ನಿಮಿಷ. ಎಷ್ಟು ಕಾಲಿಗೆ ಬಿದ್ರೂ ಕೇಳ್ಲಿಲ್ಲ. ನಮ್ಮ ಹಾಗೆ ಇನ್ನೂ ಇಬ್ರು ಉಂಟು ಇಲ್ಲಿ, ಹೊರಗೆ.”

ಆಮೇಲೆ ತುಂಡು ತುಂಡಾಗಿ ಎಲ್ಲ ಹೇಳಿದಳು. ಬೆಳಗ್ಗೆ ಎಂಟಕ್ಕೇ ಅವಳು ತಯಾರಾಗಿ ನಿಂತಿದ್ದಳಂತೆ. ಮಗಳು ಬಿಡಲಿಲ್ಲ. ‘ಅಂಕಲ್ ನೇ ರೈಟ್ ದಿಯಾ ಹೈ’ ಎಂದು ನಾನು ಟಿಕ್ ಹಾಕಿದ ಹಾಳೆಯನ್ನು ತೋರಿಸಿದಳಂತೆ. ಸರಿಯಾಗಿ 9.08ಕ್ಕೆ ಬಾಗಿಲು ದಾಟಿದರು. ದಿವಾದ ಬ್ರಿಡ್ಜಿನ ಮೇಲೆ ಕಾಲಿಡಲು ಜಾಗವಿಲ್ಲ. ಹೇಗೋ ನುಗ್ಗಿ ಪ್ಲಾಟ್‌ಫಾರ್ಮಿಗೆ ಇಳಿದರೆ, ಐದು ನಿಮಿಷ ಲೇಟಾಗಿ ಬಂದ 9.18ರ ಗಾಡಿ ಎದುರಿಗೇ ನಿಂತಿದೆ, ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಹೆಂಗಸರು ಜೋತಾಡುತ್ತಿದ್ದಾರೆ. ಮಗುವನ್ನು ಹಿಡಿದುಕೊಂಡು ಹತ್ತುವುದು ಹೇಗೆ? ಅದು ಹೋಯಿತು. 9.26ಕ್ಕೆ ಬಂದ ಇನ್ನೊಂದಕ್ಕೆ ಯಾರೋ ಎಳೆದು ಹತ್ತಿಸಿದರು. ಠಾಣೆಗೆ ಬಂದಾಗ 9.43. ಅಲ್ಲಿ ಆ ಕೊನೆಯಿಂದ ಈ ಕೊನೆಗೆ ಹತ್ತನೇ ಪ್ಲಾಟ್‌ಫಾರ್ಮಿಗೆ ಬರಲು ಐದು ನಿಮಿಷವಲ್ಲ, ಹನ್ನೆರಡು. ಸಿಕ್ಕಿದ್ದು 9.58ರ ಗಾಡಿ. ಕೋಪರ್‌ಖೈರಣೆಯಲ್ಲಿ ಇಳಿದಾಗ 10.20. ಆಟೋಗೆ ಲೈನು. ಐದು ನಿಮಿಷ ಕಾದರೂ ಸಿಗಲಿಲ್ಲ, ಇಬ್ಬರೂ ಓಡಿದರು.

“ಓಡುವಾಗ ಇವಳೇ ಮುಂದೆ ಇದ್ದದ್ದು ಸರ್. ನನಗೇ ಆಗ್ಲಿಲ್ಲ ಓಡ್ಲಿಕ್ಕೆ,” ಎಂದಳು ಮಮತಾ.

ಯಾರಿಗಾದರೂ ಫೋನ್ ಮಾಡುತ್ತೇನೆ ಎಂದೆ. ಯಾರಿಗೆ? ಗೇಟ್ ಮುಚ್ಚಿದವರದು ತಪ್ಪೆನ್ನಲೂ ಆಗುವುದಿಲ್ಲ, ದಪ್ಪ ಅಕ್ಷರದಲ್ಲಿ ಬರೆದೇ ಕೊಟ್ಟಿದ್ದರು. ಪರೀಕ್ಷೆ ಶುರುವಾಯಿತು, ಮುಗಿಯಿತು. ಆ ಮಗು ಬರೆಯಬಹುದಾಗಿದ್ದ ಒಂದೇ ಒಂದು ಸಲವೂ ಅದರೊಂದಿಗೇ ಮುಗಿಯಿತು.

ಪೇಪರ್ ಹೇಗಿತ್ತು ಗೊತ್ತೇ? ಕಲ್ಯಾಣದ ಪರಿಚಯದ ಹುಡುಗನೊಬ್ಬನಿಂದ ಸಂಜೆ ತರಿಸಿಕೊಂಡು ನೋಡಿದೆ. ನೋಡಬಾರದಿತ್ತು. ಸಮಯದ ಲೆಕ್ಕ ಎರಡಿತ್ತು. ಎರಡನ್ನೂ ಪ್ರಾಪ್ತಿ ಕಣ್ಣುಮುಚ್ಚಿಕೊಂಡು ಮಾಡುತ್ತಿದ್ದಳು.

“ನೀವಾದ್ರೂ ಜೊತೆಗೆ ಹೋಗ್ಬಹುದಿತ್ತು,” ಎಂದಳು ಸುನಂದಾ. ಹೌದು, ಹೋಗಬಹುದಿತ್ತು. ಬೇರೆ ಏನು ಕೆಲಸವಿತ್ತು ನನಗೆ?

ಮರುದಿನ ಭಾನುವಾರ. ಪಾಠ ಇರಲಿಲ್ಲ. ಅದರ ಮುಂದಿನ ಭಾನುವಾರ ತಡೆಯಲಾರದೆ ದಿವಾಕ್ಕೆ ಹೊರಟೆ. ಸುನಂದಾ ಒಂದು ಡಬ್ಬಿ ಚಕ್ಕುಲಿ ಕೊಟ್ಟಳು. ದಿವಾದಲ್ಲಿ ಇಳಿದು ಬ್ರಿಡ್ಜ್ ಹತ್ತುವಾಗ ವಾಚ್ ನೋಡಿಕೊಂಡೆ. ರಜೆಯ ದಿನ, ಅಷ್ಟೊಂದು ಜನವಿಲ್ಲ, ಆದರೂ ಆಚೆ ಇಳಿಯಲು ಆರು ನಿಮಿಷ. ಪ್ರಾಪ್ತಿ ಹತ್ತು ಎನ್ನುತ್ತಿದ್ದದ್ದು ಬಾಯಿಗೆ ಬಂದ ಸಂಖ್ಯೆಯಲ್ಲ. ಆ ಮೆಟ್ಟಿಲುಗಳ ಮೇಲೆ ನಿಂತು ಅಳೆದದ್ದು.

ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ದೇವರಾಣೆಗೂ ಹೌದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ‘ತಪ್ಪು ನಿನ್ನದಲ್ಲ ಮಗಾ, ನನ್ನದು. ಪೇಪರಿನಲ್ಲಿ ಹೀಗೆ, ಪ್ಲಾಟ್‌ಫಾರ್ಮಿನಲ್ಲಿ ಹಾಗೆ ಎಂದು ನಾನು ಹೇಳಿಕೊಡಬೇಕಿತ್ತು.’ ಇಷ್ಟೇ. ಎಷ್ಟು ಹೊತ್ತಿನ ಮಾತು? ಅರ್ಧ ನಿಮಿಷ.

ಮಮತಾ ಕುರ್ಚಿ ಹಾಕಿ ಕೂರಿಸಿದಳು. ಚಹಾಕ್ಕೆ ಇಟ್ಟಳು. ಅಜ್ಜಿ ಮಂಚದ ಮೇಲಿಂದಲೇ ಕೈ ಮುಗಿದರು. “ಪಾಪ, ನೀವು ಅಷ್ಟು ಕಷ್ಟಪಟ್ಟು ಕಲಿಸಿದ್ದು ಎಲ್ಲ ನೀರಲ್ಲಿ ಹೋಯ್ತು,” ಎಂದು ಅವರೇ ನನ್ನನ್ನು ಸಮಾಧಾನಪಡಿಸತೊಡಗಿದರು! ಒಬ್ಬರಾದರೂ ಒಂದು ಮಾತು ಬೈದಿದ್ದರೆ ನನಗೆ ಬಾಯಿ ಬರುತ್ತಿತ್ತೋ ಏನೋ.

ಆಗ ಪ್ರಾಪ್ತಿ ಒಳಗಿನಿಂದ ಹಾಳೆಗಳ ಕಟ್ಟು ತಂದಳು. ಮೇಲಿನದು ನಾನು ಟಿಕ್ ಹಾಕಿದ ಹಾಳೆ. ಕೆಳಗೆ ಅದೇ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸಿದ ಹಾಳೆಗಳು.

“ತೀನ್ ಬಾರ್ ಕಿಯಾ ಅಂಕಲ್,” ಎಂದಳು. ಮೂರು ಸಲ ಮಾಡಿದೆ. “ವಹೀ ಆನ್ಸರ್ ಆತಾ ಹೈ. ಮೇರಾ ಗಲತೀ ಕಿಧರ್ ಹುವಾ?”

ಅದೇ ಉತ್ತರ ಬರುತ್ತದೆ, ನನ್ನ ತಪ್ಪು ಎಲ್ಲಾಯಿತು? ಎಂಟು ದಿನದಿಂದ ಆ ಮಗು ತನ್ನ ತಪ್ಪನ್ನು ಹುಡುಕುತ್ತಿತ್ತು. ಇಲ್ಲದ ತಪ್ಪನ್ನು.

ಮಮತಾ ಚಹಾದ ಲೋಟ ಹಿಡಿದುಕೊಂಡು ನಿಂತಿದ್ದಳು. ಅಜ್ಜಿ ನೋಡುತ್ತಿದ್ದರು. ಮೂವರೂ ನನ್ನ ಬಾಯಿಂದ ಏನು ಬರುತ್ತದೆ ಎಂದು ಕಾಯುತ್ತಿದ್ದರು. ಮೇಷ್ಟ್ರಲ್ಲವೇ ನಾನು?

ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಹಾಳೆಯ ಮೇಲೆ ಬಗ್ಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಆ ಹಾಳೆಯಲ್ಲಿ ಬೆರಳಿಟ್ಟು ತೋರಿಸಿದೆ.

“ಇಲ್ಲಿ ನೋಡು. ಇಲ್ಲಿ ಬ್ರಿಡ್ಜಿಗೆ ಹತ್ತು ನಿಮಿಷ ಹಿಡಿಯಬೇಕಿತ್ತು. ಒಂದು ಗಾಡಿ ಬಿಡುವಷ್ಟು ಹೊತ್ತು ಇಟ್ಟುಕೊಳ್ಳಬೇಕಿತ್ತು. ಸಣ್ಣ ಮಿಸ್ಟೇಕ್. ಪರವಾಗಿಲ್ಲ.”

ಪರವಾಗಿಲ್ಲ! ತಪ್ಪು ಮಾಡಿದವನೂ ನಾನೇ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನೂ ನಾನೇ.

ಪ್ರಾಪ್ತಿ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. ಅವಳಿಗೆ ನೆನಪಿತ್ತು. ಎಲ್ಲ ಮರೆತುಬಿಡು ಎಂದದ್ದು, ರೇಗಿದ್ದು, ನಕ್ಕದ್ದು, ಎಲ್ಲವೂ ನೆನಪಿತ್ತು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ‘ನೀವೇ ಹೇಳಿದಿರಲ್ಲ’ ಎಂದು ಅವಳು ಒಂದು ಮಾತು ಅಂದಿದ್ದರೆ ಅಲ್ಲೇ ಅವಳ ಕೈ ಹಿಡಿದುಕೊಳ್ಳುತ್ತಿದ್ದೆ. ಅನ್ನಲಿಲ್ಲ. ಅಮ್ಮನ ಮುಂದೆ, ಅಜ್ಜಿಯ ಮುಂದೆ ನನ್ನ ಮಾನ ಉಳಿಸಿದಳು.

“ಸಾರಿ ಅಂಕಲ್,” ಎಂದಳು.

ಆಮೇಲೆ ರಬ್ಬರ್ ತಂದು 9.08 ಎಂಬುದನ್ನು ಅಳಿಸಿದಳು. ನಾನು ಚಹಾ ಕುಡಿದೆ. ಸಕ್ಕರೆ ಸರಿಯಾಗಿದೆಯಾ ಎಂದು ಮಮತಾ ಕೇಳಿದಳು, ಹೌದು ಎಂದೆ. ಚಕ್ಕುಲಿ ಡಬ್ಬಿ ಕೊಟ್ಟು, ಚೆನ್ನಾಗಿ ಓದು ಎಂದು ಹೇಳಿ ಹೊರಟುಬಂದೆ.

ಇದಾಗಿ ಮೂರು ವಾರ ಕಳೆಯಿತು.

ಈಗ ನನಗೆ ಆ ಪ್ರಶ್ನೆಪತ್ರಿಕೆ ತಯಾರಿಸುವವರ ಮೇಲೆ ಸಿಟ್ಟು ಮಾಡಿಕೊಳ್ಳಲು ದಾರಿಯುಂಟು. ನಿಮ್ಮ ಮೀನಾ, ನಿಮ್ಮ ರವಿ ಯಾವ ಊರಿನವರಪ್ಪಾ? ಅವರಿಗೆ ಮಾತ್ರ ಗಾಡಿಗಳು ಖಾಲಿ ಬರುತ್ತವೆಯಾ? ದಿವಾದ ಮಗು ಎರಡನೆಯ ಗಾಡಿಗೆ ಗುರುತು ಹಾಕಿದರೆ ಅದು ದಡ್ಡತನವೋ, ಅನುಭವವೋ? ಹೀಗೆ ಒಂದು ಪುಟ ಬರೆದು ಚಪ್ಪಾಳೆ ಗಿಟ್ಟಿಸಬಹುದು. ನೀವೂ ‘ಸರಿಯಾಗಿ ಹೇಳಿದಿರಿ’ ಎಂದು ಫೋನ್ ಮಾಡುತ್ತೀರಿ.

ಆದರೆ ಅದು ನಿಜವಲ್ಲ. ಪ್ರಶ್ನೆಪತ್ರಿಕೆಗೆ ಒಂದು ನಿಯಮ ಬೇಕು, ಇಲ್ಲದಿದ್ದರೆ ಒಬ್ಬೊಬ್ಬರ ಬ್ರಿಡ್ಜ್ ಒಂದೊಂದು ಉದ್ದ. ಅವಳಿಗೆ ಆ ನಿಯಮ ಕಲಿಸಿದ್ದು ತಪ್ಪಲ್ಲ. ಅವಳಿಗೆ ಗೊತ್ತಿದ್ದದ್ದನ್ನು ತಪ್ಪು ಎಂದದ್ದು ತಪ್ಪು. ಮಕ್ಕಳು ಮನೆಯಿಂದ, ಬೀದಿಯಿಂದ, ಸ್ಟೇಷನ್ನಿನಿಂದ ಎಷ್ಟೊಂದು ಕಲಿತುಕೊಂಡು ನಮ್ಮೆದುರು ಬಂದು ಕೂರುತ್ತವೆ. ನಾವು ಮಾಡುವ ಮೊದಲ ಕೆಲಸ ಅದನ್ನು ಅಳಿಸುವುದು. ಅಳಿಸಿ, ಅದರ ಮೇಲೆ ನಮ್ಮದನ್ನು ಬರೆದು, ಟಿಕ್ ಹಾಕುವುದು. ಮಗು ನಮ್ಮನ್ನು ನಂಬಿ ಅದರಂತೆ ನಡೆದು ಬಿದ್ದಾಗ, ‘ನಿನಗೆ ಅಷ್ಟೂ ತಿಳಿಯಬೇಡವೇ’ ಎನ್ನುವುದು.

ನಿನ್ನೆ ಸುನಂದಾ ಕೇಳಿದಳು, “ಆ ಹುಡುಗಿಗೆ ಸಾರಿ ಹೇಳಿದ್ರಾ ಇಲ್ವಾ?”

“ಬರೆಯುತ್ತಿದ್ದೇನೆ,” ಎಂದೆ.

“ಎಲ್ಲಿ?”

“ಅಂಕಣದಲ್ಲಿ.”

ಅವಳು ನನ್ನ ಮುಖವನ್ನೇ ನೋಡಿದಳು. “ಆ ಮಗುವಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಅಂತ ನಿಮಗೆ ಗೊತ್ತುಂಟಲ್ಲ?”

ಗೊತ್ತುಂಟು. ಅದು ಗೊತ್ತಿದ್ದದ್ದರಿಂದಲೇ ಅಲ್ಲವೇ, ಇಷ್ಟು ಧೈರ್ಯವಾಗಿ ಬರೆದದ್ದು?